ಮನೆಗೆ ಲೈಟಿಂಗ್ಸ್ ಹಾಕಿಸುವಾಗ ರೇಟಿಗಿಂತ ಮೊದಲು ಕೇಳಬೇಕಾದ್ದು

ದೀಪಾವಳಿಗೋ ಗೃಹಪ್ರವೇಶಕ್ಕೋ ಲೈಟಿಂಗ್ಸ್‌ನವರಿಗೆ ಫೋನ್ ಮಾಡಿದರೆ ಮಾತು ನೇರವಾಗಿ ರೇಟಿಗೆ ಹೋಗುತ್ತದೆ. ರೇಟು ಕೊನೆಗೆ ಮಾತಾಡಿ. ಮೊದಲು ಎರಡು ಪ್ರಶ್ನೆ ಕೇಳಿ: ಕರೆಂಟ್ ಎಲ್ಲಿಂದ ತೆಗೆದುಕೊಳ್ಳುತ್ತೀರಿ? ಜಾಯಿಂಟ್‌ಗಳು ಎಲ್ಲೆಲ್ಲಿ ಬರುತ್ತವೆ? ಬಲ್ಬ್ ಹೋದರೆ ಒಂದು ಸಾಲು ಕತ್ತಲಾಗುತ್ತದೆ, ಅಷ್ಟೆ. ಜಾಯಿಂಟ್ ಕೆಟ್ಟರೆ ಬಾಲ್ಕನಿ ಗ್ರಿಲ್ಲಿಗೆ ಕರೆಂಟ್ ಇಳಿಯುತ್ತದೆ. ಈ ಎರಡಕ್ಕೂ ತಡವರಿಸದೆ ಉತ್ತರ ಕೊಡುವವರು ಸ್ವಲ್ಪ ಹೆಚ್ಚು ಕೇಳಿದರೂ ಕೆಲಸ ಅವರಿಗೇ ಕೊಡಿ.

ವಿಜಯದಶಮಿಗೂ ದೀಪಾವಳಿ ಅಮಾವಾಸ್ಯೆಗೂ ನಡುವೆ ಹೆಚ್ಚುಕಡಿಮೆ 20 ದಿನ ಮಾತ್ರ. ದಸರಾ ಕೆಲಸ ಮುಗಿಸಿದ ತಂಡಗಳೇ ಇದಕ್ಕೂ ಬರುವುದರಿಂದ ನವರಾತ್ರಿಯಲ್ಲೇ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಹಬ್ಬದ ಹಿಂದಿನ ದಿನ ಸಿಗುವವರು ಹತ್ತು ಮನೆ ಒಪ್ಪಿಕೊಂಡಿರುತ್ತಾರೆ. ನಿಮ್ಮ ಮನೆಯಲ್ಲಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ.

ಅಳತೆ ನೀವೇ ತೆಗೆದಿಡಿ

ಬೆಂಗಳೂರಿನ ಮಾಮೂಲಿ 30×40 ಸೈಟಿನ ಮನೆ ತೆಗೆದುಕೊಳ್ಳೋಣ. ಮುಂಭಾಗ 30 ಅಡಿ, ಮೇಲೊಂದು ಮಹಡಿ, ಪ್ಯಾರಾಪೆಟ್‌ನಿಂದ ನೆಲದ ಹತ್ತಿರದವರೆಗೆ 22 ಅಡಿ ಎಂದಿಟ್ಟುಕೊಳ್ಳಿ. ಅಡಿಗೊಂದರಂತೆ ಸಾಲು ಇಳಿಬಿಟ್ಟರೆ 31 ಸಾಲು, ಸುಮಾರು 680 ಅಡಿ ಲೈಟು. ಒಂದೂವರೆ ಅಡಿಗೊಂದು ಬಿಟ್ಟರೆ 21 ಸಾಲು, ಸುಮಾರು 460 ಅಡಿ. ರಸ್ತೆಯಿಂದ ನೋಡುವವರಿಗೆ ಈ ಎರಡರ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಖರ್ಚಿನಲ್ಲಿ ಮಾತ್ರ ಮೂರರಲ್ಲೊಂದು ಪಾಲು ಉಳಿಯುತ್ತದೆ.

ಒಂದೊಂದು ಸಾಲಿಗೆ ಒಂದೊಂದು ಸೀರಿಯಲ್ ಸೆಟ್ ಹಾಕಿಸುವ ಬದಲು 15 ಮೀಟರಿನ ಸೆಟ್ಟನ್ನು ಕೆಳಗಿಳಿಸಿ ಮತ್ತೆ ಮೇಲಕ್ಕೆ ತರಲು ಹೇಳಿ. 22 ಅಡಿ ಇಳಿದು 22 ಅಡಿ ಹತ್ತಿದರೆ 13.4 ಮೀಟರ್, ಉಳಿದದ್ದು ಸಾಲಿಂದ ಸಾಲಿಗೆ ಹೋಗಲು ಸಾಕು. 11 ಸೆಟ್‌ನಲ್ಲಿ 22 ಸಾಲು ಬರುತ್ತದೆ. ಇದರ ದೊಡ್ಡ ಲಾಭ ಬೇರೆಯೇ ಇದೆ: ಎಲ್ಲ ಪಿನ್ನುಗಳೂ ತಾರಸಿಯಲ್ಲೇ ಉಳಿಯುತ್ತವೆ. ಮಕ್ಕಳು ಓಡಾಡುವ, ರಂಗೋಲಿಗೆ ನೀರು ಹಾಕುವ ಜಾಗದಲ್ಲಿ ಒಂದು ಪಿನ್ನೂ ಇರುವುದಿಲ್ಲ.

ವಾರ್ಮ್ ವೈಟ್ ಕೇಳಿದ್ದರೆ ಎಲ್ಲ ಸೆಟ್‌ಗಳನ್ನೂ ನೆಲದ ಮೇಲೆ ಒಟ್ಟಿಗೆ ಹಚ್ಚಿ ತೋರಿಸಲು ಹೇಳಿ. ಬೇರೆ ಬೇರೆ ಲಾಟಿನ ಮಾಲು ಬೆರೆತರೆ ಒಂದು ಸಾಲು ಹಳದಿ, ಪಕ್ಕದ್ದು ನೀಲಿ ಛಾಯೆ ಆಗುತ್ತದೆ. ಗೋಡೆ ಮೇಲೆ ಹೋದ ಮೇಲೆ ಅದನ್ನು ಯಾರೂ ಬದಲಿಸಿಕೊಡುವುದಿಲ್ಲ.

ಕರೆಂಟ್ ಎಲ್ಲಿಂದ

ಎಲ್‌ಇಡಿ ಸೆಟ್‌ಗಳಿಗೆ ಕರೆಂಟ್ ತೀರಾ ಕಡಿಮೆ ಸಾಕು. ಒಂದಕ್ಕೆ 10 ವ್ಯಾಟ್ ಎಂದು ಧಾರಾಳವಾಗಿ ಹಿಡಿದರೂ 11 ಸೆಟ್‌ಗೆ 110 ವ್ಯಾಟ್. ದಿನಕ್ಕೆ 5 ಗಂಟೆಯಂತೆ 5 ದಿನ ಉರಿದರೆ 3 ಯೂನಿಟ್ಟೂ ಆಗುವುದಿಲ್ಲ. ಗೇಟಿನ ಹತ್ತಿರ ಹಳೆಯ 500 ವ್ಯಾಟ್ ಹ್ಯಾಲೊಜೆನ್ ಇಡುತ್ತೇವೆಂದರೆ ಒಪ್ಪಬೇಡಿ. ಒಂದೇ ಸಂಜೆಗೆ ಎರಡೂವರೆ ಯೂನಿಟ್ ತಿನ್ನುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಆ ಜಾಗಕ್ಕೆ 50 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟ್ ಸಾಕು.

ಹೀಗಾಗಿ ಚಿಂತಿಸಬೇಕಾದ್ದು ಬಿಲ್ಲಿನ ಬಗ್ಗೆ ಅಲ್ಲ, ದಾರಿಯ ಬಗ್ಗೆ. ಡಿಸ್ಟ್ರಿಬ್ಯೂಷನ್ ಬೋರ್ಡ್‌ನಲ್ಲಿ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇದೆಯೇ ನೋಡಿ. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ. ಒತ್ತಿದರೆ ತಟ್ಟನೆ ಬೀಳಬೇಕು. ಬೀಳದಿದ್ದರೆ ಲೈಟಿಂಗ್ಸ್‌ಗೆ ಮೊದಲು ಅದನ್ನು ಬದಲಿಸಿ. ಮನೆಯಲ್ಲಿ ಆರ್‌ಸಿಸಿಬಿಯೇ ಇಲ್ಲವಾದರೆ, ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್) ಮತ್ತು ಆರ್‌ಸಿಸಿಬಿ ಎರಡೂ ಇರುವ ಬಾಕ್ಸನ್ನು ಅವರೇ ತರಬೇಕೆಂದು ಹೇಳಿ. ಸರಿಯಾದ ಲೈಟಿಂಗ್ಸ್‌ನವರ ಹತ್ತಿರ ಅದು ಇದ್ದೇ ಇರುತ್ತದೆ.

ತಾರಸಿಯ ಮೆಟ್ಟಿಲ ಹತ್ತಿರದ ಲೈಟ್ ಪಾಯಿಂಟಿಗೆ ವೈರ್ ಸೇರಿಸುವುದು ಎಲ್ಲರಿಗೂ ಸುಲಭವಾಗಿ ಕಾಣುತ್ತದೆ. ಆದರೆ ಆ ಪಾಯಿಂಟ್ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಲೈನಿನಲ್ಲಿರುತ್ತದೆ. ಕರೆಂಟ್ ಹೋದಾಗ ಒಳಗಿನ ಫ್ಯಾನಿಗೆ ಬೇಕಾದ ಬ್ಯಾಟರಿ ಹೊರಗಿನ ಅಲಂಕಾರಕ್ಕೆ ಹೋಗುತ್ತದೆ. ಫೇಸ್ ಒಂದು ಲೈನಿನಿಂದ, ನ್ಯೂಟ್ರಲ್ ಇನ್ನೊಂದರಿಂದ ತೆಗೆದರಂತೂ ಆರ್‌ಸಿಸಿಬಿ ಪದೇಪದೇ ಬೀಳುತ್ತದೆ. ಆಗ ಕೆಲವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಸರಿಯಾಯಿತು ಎನ್ನುತ್ತಾರೆ. ಅದಕ್ಕೆ ಖಂಡಿತ ಬಿಡಬೇಡಿ. ನ್ಯೂಟ್ರಲ್ ಸಿಗಲಿಲ್ಲವೆಂದು ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡುವುದು ಅದಕ್ಕಿಂತ ಅಪಾಯ: ಅರ್ಥಿಂಗ್ ಸೊರಗಿದ್ದರೆ ವಾಷಿಂಗ್ ಮೆಷಿನ್ನಿನ ಮೈಗೇ ಕರೆಂಟ್ ಬರುತ್ತದೆ.

ಮದುವೆ ಮನೆಯಲ್ಲಿ ಪಾರ್ ಲೈಟು (ವೇದಿಕೆಯ ಬಣ್ಣದ ಲೈಟು), ಸೌಂಡು, ಅಡುಗೆಯವರ ಗ್ರೈಂಡರ್ ಎಲ್ಲ ಸೇರಿದರೆ ಮಾತೇ ಬೇರೆ. ಎಲ್ಲದರ ವ್ಯಾಟ್ ಕೂಡಿಸಿ, ನಿಮ್ಮ ಬಿಲ್ಲಿನ ಮೇಲಿರುವ ಮಂಜೂರಾದ ಲೋಡ್‌ಗಿಂತ ಹೆಚ್ಚಾದರೆ ಎಸ್ಕಾಂನಿಂದ (ಬೆಸ್ಕಾಂ, ಮೆಸ್ಕಾಂನಂಥ ವಿದ್ಯುತ್ ಕಂಪನಿ) ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಇಲ್ಲವೇ ಜನರೇಟರ್ ಇಡಿಸಿ. ಕಂಬಕ್ಕೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ ಕಳ್ಳತನ. 3 ವರ್ಷದವರೆಗೆ ಜೈಲು ಇದೆ.

ವೈರ್ ಮತ್ತು ಜಾಯಿಂಟ್

ಬೋರ್ಡಿನಿಂದ ತಾರಸಿಗೆ 1.5 ಚದರ ಮಿಲಿಮೀಟರಿನ ಮೂರು ಕೋರ್ ತಾಮ್ರದ ಫ್ಲೆಕ್ಸಿಬಲ್ ಕೇಬಲ್ ಒಂದೇ ತುಂಡಾಗಿ ಬರಬೇಕು, ತುದಿಯಲ್ಲಿ ಮೂರು ಪಿನ್ನಿನ ಪ್ಲಗ್ ಇರಬೇಕು. ವೈರಿನ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸುವವರನ್ನು ಅಲ್ಲೇ ತಡೆಯಿರಿ. ಆ ಸಡಿಲ ಸಂಪರ್ಕವೇ ಬಿಸಿಯಾಗಿ ಸಾಕೆಟ್ ಕರಗುವುದು.

ಸೆಟ್‌ಗಳನ್ನು ತುದಿಗೆ ತುದಿ ಸೇರಿಸಿ ಉದ್ದ ಮಾಡುವುದಕ್ಕೂ ಮಿತಿ ಇದೆ. ಮುಂದಿನ ಎಲ್ಲ ಸೆಟ್‌ಗಳ ಕರೆಂಟೂ ಮೊದಲ ಸೆಟ್ಟಿನ ಕೂದಲೆಳೆಯಂಥ ವೈರಿನಲ್ಲೇ ಹರಿಯುತ್ತದೆ. ಎಷ್ಟು ಸೇರಿಸಬಹುದೆಂದು ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಬರೆಯದಿದ್ದರೆ ಸೇರಿಸಬೇಡಿ, ಪ್ರತಿ ಸೆಟ್ಟಿಗೂ ಬೇರೆ ಸಾಕೆಟ್ ಕೊಡಿಸಿ.

ದೀಪಾವಳಿ ಬರುವುದು ಹಿಂಗಾರು ಮಳೆಯ ಹೊತ್ತಿಗೆ. ಸೆಟ್ ಮೇಲೆ ಐಪಿ 65 ಎಂದು ಬರೆದಿದ್ದರೆ ಅದು ನೀರಿಗೆ ತಡೆಯುತ್ತದೆ, ಆದರೆ ಅದರ ಪಿನ್ನು ಮತ್ತು ಮಿಣಮಿಣ ಮಾಡುವ ಕಂಟ್ರೋಲರ್ ಡಬ್ಬಿ ಸಾಮಾನ್ಯವಾಗಿ ತಡೆಯುವುದಿಲ್ಲ. ಅವೆರಡೂ, ಎಕ್ಸ್‌ಟೆನ್ಷನ್ ಬೋರ್ಡ್ ಕೂಡ, ಮೆಟ್ಟಿಲಿನ ಹೆಡ್‌ರೂಮ್ ಒಳಗೆ ಅಥವಾ ಮುಚ್ಚಳವಿರುವ ಡಬ್ಬಿಯಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿರಲಿ. ಪ್ಲಾಸ್ಟಿಕ್ ಕವರ್ ಸುತ್ತಿ ಬಿಗಿಯಾಗಿ ಕಟ್ಟಿದರೆ ನೀರು ಒಳಗೇ ನಿಲ್ಲುತ್ತದೆ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಹೊರಗೆ ಒಂದೂ ಬೇಡ.

ಕಟ್ಟುವ ದಿನ

ತಾರಸಿ ಮನೆಗೆ ಏಣಿಯ ಅಗತ್ಯವೇ ಕಡಿಮೆ: ಪ್ಯಾರಾಪೆಟ್ ಒಳಗೆ ನಿಂತು ಸಾಲುಗಳನ್ನು ಇಳಿಬಿಡಬಹುದು. ಏಣಿ ಹಾಕಲೇಬೇಕಾದರೆ 16 ಅಡಿ ಎತ್ತರಕ್ಕೆ ಬುಡ 4 ಅಡಿ ಹೊರಗಿರಬೇಕು, ಕೆಳಗೊಬ್ಬರು ಹಿಡಿದಿರಬೇಕು. ಮನೆ ಮುಂದೆ ಕಂಬದ ಲೈನ್ ಹಾದುಹೋಗಿದ್ದರೆ ಅಲ್ಯೂಮಿನಿಯಂ ಏಣಿಯೂ ಉದ್ದನೆಯ ಬಿದಿರೂ ಬೇಡ. ಒದ್ದೆ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. 11 ಕೆವಿ ಲೈನಾದರೆ ಮುಟ್ಟಬೇಕೆಂದೇ ಇಲ್ಲ, ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ಆ ಬದಿಗೆ ಲೈಟೇ ಬೇಡವೆಂದು ಬಿಟ್ಟುಬಿಡಿ.

ಮಲೆನಾಡು, ಕರಾವಳಿಯ ಹಂಚಿನ ಮನೆಗಳಲ್ಲಿ ಮಾಡಿನ ಮೇಲೆ ಯಾರೂ ಹತ್ತದಂತೆ ಮೊದಲೇ ಹೇಳಿ. ಮಳೆಗಾಲದ ಪಾಚಿಗೆ ಕಾಲು ಜಾರುತ್ತದೆ, ಒಡೆದ ಹಂಚು ಗೊತ್ತಾಗುವುದು ಮುಂದಿನ ಮಳೆಗೆ. ಸೂರಿನ ಅಂಚಿಗೆ ಏಣಿಯಿಂದಲೇ ಕಟ್ಟಿದರೆ ಸಾಕು. ಗೂಡುದೀಪದೊಳಗೆ ಹಳೆಯ 60 ವ್ಯಾಟ್ ಬಲ್ಬ್ ಹಾಕಿದರೆ ಕಾಗದ ಕರಿದಾಗುತ್ತದೆ. ಸಣ್ಣ ಎಲ್‌ಇಡಿ ಹಾಕಿಸಿ.

ಕಟ್ಟಲು ಕೇಬಲ್ ಟೈ ಅಥವಾ ಸುತ್ಲಿ ದಾರ ಬಳಸಲಿ. ಮೊಳೆ, ತಂತಿ ಬೇಡ: ತಂತಿ ಗಾಳಿಗೆ ಉಜ್ಜಿ ಇನ್ಸುಲೇಷನ್ ಕೊಯ್ಯುತ್ತದೆ. ಸೋಲಾರ್ ಪೈಪು, ಇಂಟರ್ನೆಟ್ ಕೇಬಲ್, ತೆರೆದು ಮುಚ್ಚುವ ಗೇಟು, ಇವುಗಳಿಗೆ ಕಟ್ಟಿಸಬೇಡಿ.

ಕತ್ತಲಾದ ಮೇಲೆ ಹಚ್ಚಿ ಒಂದು ಗಂಟೆ ಬಿಡಿ. ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬಿಸಿಯಿದ್ದರೆ ಬದಲಿಸಬೇಕು. ಗ್ರಿಲ್, ಗೇಟು, ಸ್ಟೀಲ್ ರೇಲಿಂಗಿಗೆ ಅವರ ಕೈಯಲ್ಲೇ ಟೆಸ್ಟರ್ ಇಡಿಸಿ ನೋಡಿ. ಆಮೇಲೆ ಅವರನ್ನು ಕಳಿಸಿ.

ಮಾತುಕತೆ ವಾಟ್ಸಾಪಿನಲ್ಲಿರಲಿ

ಬಾಯಿಮಾತಿನಲ್ಲಿ ಮುಗಿಸಬೇಡಿ. ಇಷ್ಟು ಬರೆದು ಕಳಿಸಿ, ಅವರಿಂದ ಒಪ್ಪಿಗೆ ಬರಲಿ:

"ಮುಂಭಾಗಕ್ಕೆ 15 ಮೀಟರಿನ ವಾರ್ಮ್ ವೈಟ್ ಸೆಟ್ 11, ಗೇಟಿಗೆ 50 ವ್ಯಾಟ್ ಎಲ್‌ಇಡಿ 1. ಕೇಬಲ್, ಆರ್‌ಸಿಸಿಬಿ ಬಾಕ್ಸ್ ನಿಮ್ಮದು. ನೀರು ತುಂಬುವ ಹಬ್ಬದ ಹಿಂದಿನ ದಿನ ಕಟ್ಟುವುದು, ತುಳಸಿ ಹಬ್ಬದ ಮರುದಿನ ಬಿಚ್ಚುವುದು. ನಡುವೆ ಕೆಟ್ಟರೆ ಅದೇ ದಿನ ಸಂಜೆಯೊಳಗೆ ಸರಿಮಾಡುವುದು. ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು, ಬಾಕಿ ಬಿಚ್ಚಿದ ಮೇಲೆ."

ಬಿಚ್ಚುವ ದಿನಾಂಕ ಬರೆಯದಿದ್ದರೆ ಎರಡರಲ್ಲೊಂದು ಆಗುತ್ತದೆ. ತುಳಸಿ ಹಬ್ಬ ಕಳೆದರೆ ಮದುವೆ ಸೀಸನ್. ಆ ಆರ್ಡರಿಗಾಗಿ ಬಲಿಪಾಡ್ಯಮಿಯ ಮರುದಿನವೇ ಬಂದು ಬಿಚ್ಚಿಕೊಂಡು ಹೋಗುತ್ತಾರೆ, ಇಲ್ಲವೇ ತಿಂಗಳಾದರೂ ಬರುವುದಿಲ್ಲ.

ಎಂಸಿಬಿ ಬದಲಾವಣೆ, ಮೀಟರ್ ಬೋರ್ಡಿನ ಕೆಲಸ ಇದ್ದರೆ ಅದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಲಿ, ಲೈಟು ಕಟ್ಟುವ ಹುಡುಗರಲ್ಲ. ಎತ್ತರದಲ್ಲಿ ನಿಲ್ಲುವ ಆ ಹುಡುಗರಿಗೆ ವಿಮೆ ಇದೆಯೇ ಎಂದೂ ಮಾಲೀಕರನ್ನು ಕೇಳಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಅದನ್ನೂ ಮಾಡಿಸದ ತಂಡದ ಮಾಲೀಕರು ನಿಮ್ಮ ಮನೆಯ ಬಗ್ಗೆ ಕಾಳಜಿ ತೋರಿಸುತ್ತಾರೆಂದು ನಂಬುವುದು ಕಷ್ಟ.

ಬಿಚ್ಚುವಾಗ ಮೊದಲು ಎಂಸಿಬಿ ಇಳಿಸಿ, ಪ್ಲಗ್ ಕಳಚಿ, ಆಮೇಲೆ ಸಾಲುಗಳನ್ನು ತಾರಸಿಯಿಂದಲೇ ಮೇಲಕ್ಕೆ ಎಳೆದುಕೊಳ್ಳಬೇಕು; ಕೆಳಗಿನಿಂದ ಜಗ್ಗಿದರೆ ಬಣ್ಣ ಕಿತ್ತು ಬರುತ್ತದೆ. ಪ್ಯಾರಾಪೆಟ್ ಮೇಲಿನ ವಾಟರ್‌ಪ್ರೂಫಿಂಗ್‌ನಲ್ಲಿ ತೂತು ಬಿದ್ದಿದೆಯೇ, ಕತ್ತರಿಸಿದ ಕೇಬಲ್ ಟೈಗಳು ಮಳೆನೀರಿನ ಪೈಪಿಗೆ ಸಿಕ್ಕಿವೆಯೇ ನೋಡಿ, ಸೆಟ್ ಎಣಿಸಿಕೊಟ್ಟು ಬಾಕಿ ಹಣ ಕೊಡಿ.