ಇನ್ನೂ ಹುಟ್ಟದವರಿಗೊಂದು ಶಾಸನ: ಮಕ್ಕಳೊಂದಿಗೆ ಅಣ್ವಸ್ತ್ರದ ಲೆಕ್ಕ ಹಾಕುವ ಬಗೆ

ಆಗಸ್ಟ್ 6 ಹಿರೋಶಿಮಾ ದಿನ. ಮುಂಬಯಿಯ ಕನ್ನಡ ಸಂಘಗಳಲ್ಲಿ ಅಂದು ಒಂದು ಭಾಷಣ, ಒಂದು ನಿಮಿಷದ ಮೌನ ಇಟ್ಟರೆ ಮಕ್ಕಳಿಗೆ ದಕ್ಕುವುದು ಕಡಿಮೆ. ಬಾಂಬಿನ ಬೆಂಕಿಯನ್ನು ಅವರು ಚಿತ್ರಗಳಲ್ಲಿ ನೋಡಿರುತ್ತಾರೆ. ಅದರ ಕಾಲದ ಅಳತೆಯನ್ನು ಯಾರೂ ಅವರ ಕೈಗೆ ಕೊಟ್ಟಿರುವುದಿಲ್ಲ. ಬಾಂಬಿಗೆ ಬಳಸುವ ಪ್ಲುಟೋನಿಯಂ-239ರ ಅರ್ಧಾಯು, ಅಂದರೆ ಇದ್ದುದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 24,100 ವರ್ಷ. ಮೂವತ್ತು ವರ್ಷಕ್ಕೊಂದು ತಲೆಮಾರು ಎಂದು ಹಿಡಿದರೆ ಎಂಟುನೂರು ತಲೆಮಾರು. ಅವರಲ್ಲಿ ಒಬ್ಬರನ್ನೂ ಕೇಳದೆ ಈ ಹೊರೆಯನ್ನು ಅವರ ತಲೆಗೆ ಕಟ್ಟಿದ್ದೇವೆ. 12ರಿಂದ 16 ವಯಸ್ಸಿನ ಇಪ್ಪತ್ತೈದು ಮಕ್ಕಳಿಗೆ ಎರಡೂವರೆ ಗಂಟೆಯಲ್ಲಿ ಇದನ್ನು ಮನಗಾಣಿಸುವ ಕ್ರಮ ಇಲ್ಲಿದೆ.

ಶಾಲೆಯ ದಿನವಾದರೆ ಹತ್ತಿರದ ಭಾನುವಾರ ಇಟ್ಟುಕೊಳ್ಳಿ. ಮಳೆಗಾಲ, ಅಂಗಳ ನಂಬಬೇಡಿ. ಐವರ ಐದು ಗುಂಪು ಮಾಡಿ. ಪ್ರತಿ ಗುಂಪಿಗೂ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ, ಎರಡು ತಟ್ಟೆ, ಒಂದು ರೂಪಾಯಿಯ 64 ನಾಣ್ಯ. ಒಟ್ಟು 320 ನಾಣ್ಯ ಬೇಕು. ಸಂಘದಲ್ಲಿ ಹೋಟೆಲ್ ನಡೆಸುವವರು ಇದ್ದೇ ಇರುತ್ತಾರೆ, ಹಿಂದಿನ ವಾರವೇ ಹೇಳಿಟ್ಟರೆ ಗಲ್ಲಾದಿಂದ ಚಿಲ್ಲರೆ ಸಿಗುತ್ತದೆ. ಚೌಕಾಬಾರದ ಹುಣಸೆ ಬೀಜ ಬಳಸೋಣ ಎಂದು ಯಾರಾದರೂ ಹೇಳುತ್ತಾರೆ. ಬೇಡ. ಉಜ್ಜಿದ ಮಗ್ಗುಲೂ ಉಬ್ಬಿದ ಮಗ್ಗುಲೂ ಸಮಸಮನಾಗಿ ಬೀಳುವುದಿಲ್ಲ, ಲೆಕ್ಕ ಕೆಡುತ್ತದೆ. ಇವಲ್ಲದೆ 25 ಮೀಟರ್ ಸುತಳಿ, ಬಣ್ಣದ ಬಟ್ಟೆಯ ಚೂರುಗಳು, ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್.

ಮೊದಲು ನಾಣ್ಯ, ಅದೇ ನಮ್ಮ ಪ್ಲುಟೋನಿಯಂ. ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ ಚೆಲ್ಲಬೇಕು. ಸಿಂಹದ ಮುಖ ಮೇಲಾದವು ಉಳಿದವು, ಮತ್ತೆ ಡಬ್ಬಿಗೆ. ಅಂಕಿ ಮೇಲಾದವು ಎರಡನೇ ತಟ್ಟೆಗೆ. ಪ್ರತಿ ಸಲ ಚೆಲ್ಲಿದ ಮೇಲೆ ಹಾಳೆಯಲ್ಲಿ 24,100 ವರ್ಷ ಕೂಡಿಸಿ ಬರೆಯಬೇಕು. ಸುಮಾರಾಗಿ 32, 16, 8, 4, 2, 1 ಎಂದು ಇಳಿಯುತ್ತದೆ. ಆರನೇ ಸಲಕ್ಕೆ 1,44,600 ವರ್ಷ. ‘ಎರಡು ಅರ್ಧಾಯು ಸೇರಿದರೆ ಪೂರ್ತಿ ಮುಗಿಯಿತಲ್ಲ’ ಎಂಬ ತಪ್ಪು ಎಲ್ಲ ಕಡೆಯೂ ಬರುತ್ತದೆ. ಬಾಯಲ್ಲಿ ತಿದ್ದಬೇಡಿ, ಎರಡು ಸಲ ಚೆಲ್ಲಿಸಿ, ಉಳಿದ ಹದಿನಾರೋ ಹದಿನೆಂಟೋ ನಾಣ್ಯಗಳನ್ನು ಅವರ ಅಂಗೈಗೆ ಹಾಕಿ. ತಟ್ಟೆಗೆ ಹೋದವು ಮಾಯವಾದವು ಎಂದೂ ಬಿಡಬೇಡಿ. ಪ್ಲುಟೋನಿಯಂ-239 ಕ್ಷಯಿಸಿ ಯುರೇನಿಯಂ-235 ಆಗುತ್ತದೆ, ಅದರ ಅರ್ಧಾಯು ಸುಮಾರು 70 ಕೋಟಿ ವರ್ಷ. ಎರಡನೇ ತಟ್ಟೆ ಇಟ್ಟಿರುವುದು ಅದಕ್ಕೇ.

ಆಮೇಲೆ ಸುತಳಿ. ಒಂದು ಮಿಲಿಮೀಟರಿಗೆ ಒಂದು ವರ್ಷ, ಮೀಟರಿಗೊಂದು ಬಟ್ಟೆ ಚೂರು. 24 ಮೀಟರ್ 10 ಸೆಂಟಿಮೀಟರಿಗೆ ಒಂದು ಅರ್ಧಾಯು. ಸಭಾಂಗಣ ಸಾಲುವುದಿಲ್ಲ, ಮೆಟ್ಟಿಲಿಳಿದು ಕಾರಿಡಾರಿಗೆ ಹೋಗಲಿ. ಹಿರೋಶಿಮಾದಿಂದ ಇಂದಿನವರೆಗೆ ಎಂಟು ಸೆಂಟಿಮೀಟರ್ ಚಿಲ್ಲರೆ, ಒಂದು ಬೆರಳಿನಷ್ಟು. ಆ ಬೆರಳಿನೊಳಗೇ 1974ರ ಮೇ 18ರ ಪೋಖರಣ್ ಗುರುತು ಹಾಕಿಸಿ. ಆ ಸ್ಫೋಟದ ಪ್ಲುಟೋನಿಯಂ ಬಂದದ್ದು ಇದೇ ಊರಿನ ಟ್ರಾಂಬೆಯ ಸೈರಸ್ ರಿಯಾಕ್ಟರಿನಿಂದ. 1960ರಲ್ಲಿ ಹೊತ್ತಿದ ಅದು 2010ರ ಕೊನೆಗೆ ನಿಂತಿತು: ಐದು ಸೆಂಟಿಮೀಟರ್. ಹತ್ತು ಅರ್ಧಾಯು ಎಷ್ಟುದ್ದ ಎಂದು ಕೇಳಿದರೆ, ಹನ್ನೆರಡು ಡಬ್ಬಿಯ ಲೋಕಲ್ ಗಾಡಿಯ ಉದ್ದಕ್ಕೆ ಹತ್ತಿರ ಎನ್ನಿ. ಅಷ್ಟು ದೂರ ನಡೆದರೂ ಸಾವಿರದಲ್ಲೊಂದು ಪಾಲು ಉಳಿದೇ ಇರುತ್ತದೆ.

ಇಲ್ಲಿ ಹಿರಿಯರೊಬ್ಬರು ‘ಹಿರೋಶಿಮಾದಲ್ಲಿ ಇಂದಿಗೂ ಹುಲ್ಲು ಬೆಳೆಯದು, ತಲೆಮಾರುಗಟ್ಟಲೆ ಅಂಗವಿಕಲರೇ ಹುಟ್ಟಿದರು’ ಎನ್ನಬಹುದು. ತಾಳ್ಮೆಯಿಂದ ತಿದ್ದಿ. ಬಾಂಬು ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿದುದರಿಂದ ನೆಲದಲ್ಲಿ ಉಳಿದದ್ದು ಕಡಿಮೆ. ಇಂದು ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಾಳುತ್ತಿದ್ದಾರೆ. ಅಂದು ಗರ್ಭದಲ್ಲಿದ್ದ ಮಕ್ಕಳಿಗೆ ನಿಜಕ್ಕೂ ಪೆಟ್ಟಾಯಿತು: ತಲೆ ಸಣ್ಣದಾಗಿ, ಬುದ್ಧಿ ಬೆಳೆಯದೆ ಹುಟ್ಟಿದವರಿದ್ದಾರೆ. ಬಾಂಬಿನ ನಂತರ ಗರ್ಭಧಾರಣೆಯಾಗಿ ಹುಟ್ಟಿದ ಮಕ್ಕಳಲ್ಲಿ ಮಾತ್ರ ವಂಶಪಾರಂಪರ್ಯದ ದೋಷ ಹೆಚ್ಚಿದ್ದು ದಶಕಗಳ ಅಧ್ಯಯನದಲ್ಲಿ ಸ್ಪಷ್ಟವಾಗಿ ಕಂಡಿಲ್ಲ. ಆದರೂ ಆ ಮನೆಗಳಿಂದ ಹೆಣ್ಣು ತರಲು, ಅವರಿಗೆ ಹೆಣ್ಣು ಕೊಡಲು ಜನ ಹಿಂಜರಿದರು. ನಮ್ಮ ಸುಳ್ಳು ಮಾತೇ ಮಕ್ಕಳ ಮೇಲೆ ಎರಡನೇ ಅನ್ಯಾಯವಾಗುವುದು ಹೀಗೆ. ಮಣ್ಣಿಗೆ ಅಂಟಿದ ಉದಾಹರಣೆ ಬೇಕಾದರೆ ಮಾರ್ಷಲ್ ದ್ವೀಪಗಳಿವೆ. ಅಮೆರಿಕ 1946ರಿಂದ 1958ರವರೆಗೆ ಅಲ್ಲಿ 67 ಪರೀಕ್ಷೆ ನಡೆಸಿತು. ರುನಿಟ್ ದ್ವೀಪದ ಬಾಂಬಿನ ಹೊಂಡಕ್ಕೆ ವಿಷದ ಮಣ್ಣು ತುಂಬಿ ಸುಮಾರು 46 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಮುಚ್ಚಳ ಹಾಕಿದ್ದಾರೆ. ತಳಕ್ಕೆ ಏನೂ ಹಾಕಿಲ್ಲ.

ಮೂರನೆಯದಕ್ಕೆ ಪೂರ್ತಿ ಒಂದು ಗಂಟೆ ಬಿಡಿ. ಹಲ್ಮಿಡಿ ಶಾಸನದ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತೋರಿಸಿ. ಸುಮಾರು 450ನೇ ಇಸವಿಯದು, ನಮ್ಮ ಸುತಳಿಯಲ್ಲಿ ಒಂದೂವರೆ ಮೀಟರಿಗೆ ತುಸು ಹೆಚ್ಚು, ಆಗಲೇ ಶಾಸನ ತಜ್ಞರನ್ನು ಬಿಟ್ಟರೆ ಯಾರಿಗೂ ಓದಲು ಬಾರದು. ಪಕ್ಕದಲ್ಲಿ ಇಂದಿನ ಕನ್ನಡ ಪತ್ರಿಕೆ ಇಡಿ. ಮನೆಯಲ್ಲಿ ತುಳುವೋ ಕನ್ನಡವೋ ಆಡುತ್ತ ಇಂಗ್ಲಿಷ್ ಶಾಲೆಗೆ ಹೋಗುವ ಇಲ್ಲಿನ ಅನೇಕ ಮಕ್ಕಳಿಗೆ ಅದೂ ಬಾರದು. ಅವರನ್ನು ನಾಚಿಸಬೇಡಿ. ಅಜ್ಜನ ಕಾಗದವನ್ನು ಮೊಮ್ಮಗಳು ಓದಲಾರಳು ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಅಕ್ಷರ ಎಷ್ಟು ಬೇಗ ಸಾಯುತ್ತದೆಂದು ಅವರೇ ಹೇಳಲಿ. ನಮ್ಮ ದಾನಶಾಸನಗಳ ಕೊನೆಯ ಶಾಪವನ್ನೂ ಹೇಳಿ: ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ. ಅಷ್ಟು ವರ್ಷ ಕಳೆದರೂ ಡಬ್ಬಿಯಲ್ಲಿ ಹನ್ನೊಂದು ನಾಣ್ಯ ಉಳಿದಿರುತ್ತದೆ.

ಈಗ ಕೆಲಸ. ‘ಇಲ್ಲಿ ಅಗೆಯಬೇಡಿ’ ಎಂದು 24,100 ವರ್ಷದ ನಂತರದವರಿಗೆ ತಿಳಿಸಬೇಕು. ಅಕ್ಷರ, ಅಂಕಿ ಇಲ್ಲ, ಚಿತ್ರ ಮಾತ್ರ, ಮೂವತ್ತು ನಿಮಿಷ. ನಂತರ ಹಾಳೆಗಳನ್ನು ಅದಲುಬದಲು ಮಾಡಿ, ಇನ್ನೊಂದು ಗುಂಪು ಅರ್ಥ ಹೇಳಲಿ. ತಲೆಬುರುಡೆ ಬರೆದರೆ ಸ್ಮಶಾನ ಎನ್ನುತ್ತಾರೆ, ಸುತ್ತ ಗೋಡೆ ಬರೆದರೆ ನಿಧಿ ಎನ್ನುತ್ತಾರೆ. ಬೇಸರ ಬೇಡ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಸ್ತ್ರಗಳ ಕಸವನ್ನು 650 ಮೀಟರ್ ಆಳದ ಉಪ್ಪಿನ ಪದರದಲ್ಲಿ ಹೂಳುತ್ತಿರುವವರಿಗೆ 10,000 ವರ್ಷದ ಗುರುತಿಗಾಗಿ ತಜ್ಞರ ತಂಡಗಳನ್ನೇ ಕೂರಿಸಬೇಕಾಯಿತು. ಅಷ್ಟು ದೂರವೂ ಬೇಡ: ದೆಹಲಿಯ ಮಾಯಾಪುರಿ ಗುಜರಿಯಲ್ಲಿ 2010ರಲ್ಲಿ, ಸುಮಾರು 25 ವರ್ಷ ಬಳಸದೆ ಬಿಟ್ಟಿದ್ದ ಪ್ರಯೋಗಾಲಯದ ಯಂತ್ರವನ್ನು ಬಿಚ್ಚಿದಾಗ ಒಳಗಿದ್ದ ವಿಕಿರಣಶೀಲ ಕೋಬಾಲ್ಟ್-60ರಿಂದ ಒಬ್ಬರು ಸತ್ತರು. ಮರೆವಿಗೆ ಒಂದು ತಲೆಮಾರೂ ಬೇಕಾಗಲಿಲ್ಲ.

ಕೊನೆಯ ಇಪ್ಪತ್ತು ನಿಮಿಷ ಚರ್ಚೆ. ನಡುವೆ ಒಂದು ಖಾಲಿ ಕುರ್ಚಿ ಇಡಿ, ಅದು ಹುಟ್ಟದವರದು. ಸರದಿಯಂತೆ ಒಬ್ಬೊಬ್ಬರು ಅಲ್ಲಿ ಕೂತು ಪ್ರಶ್ನೆ ಮಾತ್ರ ಕೇಳಬಹುದು, ಕೈಯೆತ್ತಿ ಮತ ಹಾಕುವಂತಿಲ್ಲ. ಮಕ್ಕಳಲ್ಲಿ ಟ್ರಾಂಬೆಯಲ್ಲಿ ದುಡಿಯುವವರ ಮನೆಯವರೂ ಇರಬಹುದು. ಯಾರ ಅಪ್ಪನನ್ನೂ ಕಟಕಟೆಗೆ ಹತ್ತಿಸಬೇಡಿ. ‘ಬಾಂಬಿನ ಭಯದಿಂದಲೇ ದೊಡ್ಡ ಯುದ್ಧ ನಿಂತಿದೆ, ಆ ಶಾಂತಿಯೂ ಮುಂದಿನವರಿಗೆ ನಾವು ಕೊಟ್ಟದ್ದೇ’ ಎಂದು ಯಾರಾದರೂ ಹೇಳಿದರೆ ಪೂರ್ತಿ ಹೇಳಲು ಬಿಡಿ. ಕುರ್ಚಿಯಲ್ಲಿ ಕೂತವರು ಕೇಳಲಿ: ಆ ಭಯ ಒಂದೇ ಒಂದು ಸಲ ಕೈಕೊಟ್ಟರೆ ತೆರುವವರು ಯಾರು? 2021ರ ಜನವರಿ 22ರಿಂದ ಜಾರಿಯಲ್ಲಿರುವ ಅಣ್ವಸ್ತ್ರ ನಿಷೇಧ ಒಪ್ಪಂದದ 6ನೇ ವಿಧಿಯು ನೊಂದವರಿಗೆ ನೆರವು ಕೊಡಬೇಕು, ಕೆಟ್ಟ ನೆಲವನ್ನು ಸರಿಪಡಿಸಬೇಕು ಎನ್ನುತ್ತದೆ. ಅಣ್ವಸ್ತ್ರವಿರುವ ಯಾವ ದೇಶವೂ, ಭಾರತವೂ, ಅದಕ್ಕೆ ಸಹಿ ಹಾಕಿಲ್ಲ. ಇಷ್ಟು ಹೇಳಿ ಸುಮ್ಮನಾಗಿ.

ನಾಣ್ಯಗಳನ್ನು ಎಣಿಸಿ ಗಲ್ಲಾಕ್ಕೆ ಹಿಂತಿರುಗಿಸಿ. ಹಾಳೆಗಳ ಹಿಂಬದಿಗೆ ತಾರೀಕು ಹಾಕಿ ಸಂಘದ ಕಪಾಟಿನಲ್ಲಿಡಿ. ಅರ್ಥವನ್ನು ಎಲ್ಲೂ ಬರೆದಿಡಬೇಡಿ. ಮುಂದಿನ ಆಗಸ್ಟಿನಲ್ಲಿ ಹೊಸ ಮಕ್ಕಳು ಬಂದಾಗ ಮೊದಲ ಕೆಲಸವೇ ಅವನ್ನು ಬಿಚ್ಚಿ ಓದಿಸುವುದು.