ಹಲ್ಲಿಗೆ ಯಾವ ಫಿಲ್ಲಿಂಗ್? ಬಣ್ಣ ಕೊನೆಗೆ ನೋಡಿ

'ಬಿಳಿದೇ ಹಾಕಿ ಡಾಕ್ಟ್ರೇ' ಎನ್ನುವವರೇ ಜಾಸ್ತಿ. ನಾನೂ ಹಾಗೇ ಹೇಳಿದ್ದೆ. ವಸಡಿಗೆ ಅಂಟಿಕೊಂಡಂತಿದ್ದ ಕುಳಿಗೆ ಹಾಕಿಸಿದ ಆ ಬಿಳಿ ಫಿಲ್ಲಿಂಗ್ ವರ್ಷ ತುಂಬುವ ಮೊದಲೇ ಉದುರಿತು.

1. ಹುಳುಕು ಎಲ್ಲಿದೆ ಎಂದು ಕೇಳಿ. ಮುಂದಿನ ಹಲ್ಲಾದರೆ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್), ಯೋಚನೆಯೇ ಬೇಡ. ವಸಡಿನ ಅಂಚಿನಲ್ಲೋ ಹಾಲುಹಲ್ಲಿನಲ್ಲೋ ಇದ್ದರೆ ಗ್ಲಾಸ್ ಅಯಾನಮರ್ ಸಿಮೆಂಟ್ ನೋಡಿ. ಅದು ಹಲ್ಲಿಗೆ ತಾನೇ ಕಚ್ಚಿಕೊಳ್ಳುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಆದರೆ ಜೋರಾಗಿ ಅಗಿಯುವ ಜಾಗದಲ್ಲಿ ಬೇಗ ಸವೆಯುತ್ತದೆ.

2. ಜಾಗ ಒಣಗಿರುತ್ತದೆಯೇ? ಕಾಂಪೋಸಿಟ್‌ಗೆ ಜೊಲ್ಲು ತಾಗಿದರೆ ಅಂಟು ಹಿಡಿಯುವುದಿಲ್ಲ. ಆಸಿಡ್ ಹಚ್ಚಿ, ತೊಳೆದು, ಅಂಟು ಬಳಿದು, ಸುಮಾರು 2 ಮಿ.ಮೀ. ಪದರವಾಗಿ ತುಂಬುತ್ತಾ ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿಯಬೇಕು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುವ ವೈದ್ಯರು ಸಿಕ್ಕರೆ ಬಿಡಬೇಡಿ. ನೋವಿಗೆ ಲವಂಗದ ಎಣ್ಣೆ ತುಂಬಿಕೊಂಡಿದ್ದರೆ ಮೊದಲೇ ಹೇಳಿ, ಅದು ಕಾಂಪೋಸಿಟ್ ಗಟ್ಟಿಯಾಗಲು ಬಿಡುವುದಿಲ್ಲ. ಮನೆಯಲ್ಲೇ ತುಂಬಿಕೊಳ್ಳುವ ಕಿಟ್‌ಗಳಂತೂ ಸುಮ್ನೆ ದಂಡ. ಹುಳುಕು ಒಳಗೇ ಕೂತು ತಿನ್ನುತ್ತಿರುತ್ತದೆ.

3. ಬೆಳ್ಳಿ ಬಣ್ಣದ ಅಮಾಲ್ಗಮ್. ಸುಮಾರು ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಒದ್ದೆಯನ್ನು ಸಹಿಸುತ್ತದೆ, ದವಡೆಯಲ್ಲಿ ಗಟ್ಟಿ ಆಸಾಮಿ. ಆದರೆ ಅದನ್ನು ಹಿಡಿದಿಡಲು ಒಳ್ಳೆಯ ಹಲ್ಲನ್ನೂ ಒಂದಿಷ್ಟು ಕೊರೆಯಬೇಕು. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದ ಇದನ್ನು ಬಹುಮಟ್ಟಿಗೆ ನಿಲ್ಲಿಸಿದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ನಾನಂತೂ ಬೇಡವೆನ್ನುತ್ತೇನೆ. ಹಳೆಯದು ಗಟ್ಟಿಯಾಗಿದ್ದರೆ ಹೆದರಿ ಕೀಳಿಸಬೇಡಿ. ಕೀಳುವಾಗಲೇ ಪಾದರಸದ ಆವಿ ಜಾಸ್ತಿ ಏಳುವುದು.

4. ಎಲ್ಲರೂ ಎಡವುವುದು ಇಲ್ಲಿ. ಫಿಲ್ಲಿಂಗ್ ಎತ್ತರವಾಗಿದೆಯೇ ಎಂದು ನೋಡಲು ಬಣ್ಣದ ಕಾಗದ ಇಟ್ಟು 'ಕಚ್ಚಿ' ಎನ್ನುತ್ತಾರೆ. ಬಾಯಿ ಮರಗಟ್ಟಿರುತ್ತದೆ, ಮನೆಗೆ ಹೋಗುವ ಆತುರ ಬೇರೆ, 'ಸರಿ ಇದೆ' ಎಂದು ಎದ್ದುಬಿಡುತ್ತೇವೆ. ಹಾಗೆ ಮಾಡಬೇಡಿ. ಕುರ್ಚಿ ನೆಟ್ಟಗೆ ಮಾಡಿಸಿ ಕೂತುಕೊಳ್ಳಿ, ಮಲಗಿದಾಗ ದವಡೆ ಹಿಂದಕ್ಕೆ ಜಾರಿರುತ್ತದೆ. ಟಕ್ ಟಕ್ ಎಂದು ನಾಲ್ಕು ಸಲ ಕಚ್ಚಿ. ಆಮೇಲೆ ಹಲ್ಲು ಕೂಡಿಸಿಕೊಂಡೇ ಎಡಕ್ಕೆ, ಬಲಕ್ಕೆ ಉಜ್ಜಿ. ಆಚೆ ಬದಿಯ ಹಲ್ಲುಗಳೂ ಮೊದಲಿನಂತೆ ಕೂಡುತ್ತಿವೆಯಾ ಗಮನಿಸಿ. ಮರಗಟ್ಟಿದ್ದು ಇಳಿದ ಮೇಲೆ ಇನ್ನೊಮ್ಮೆ ಕಚ್ಚಿ ನೋಡಿ. ಆ ಹಲ್ಲೇ ಮೊದಲು ತಾಗುತ್ತಿದ್ದರೆ ವಾಪಸ್ ಹೋಗಿ. ಎತ್ತರವಾದ ಫಿಲ್ಲಿಂಗನ್ನು ವೈದ್ಯರು ಉಜ್ಜಿ ತಗ್ಗಿಸುವುದು ಎರಡು ನಿಮಿಷದ ಕೆಲಸ, ಸಾಮಾನ್ಯವಾಗಿ ಇಂಜೆಕ್ಷನ್ ಕೂಡ ಬೇಡ. 'ತಾನೇ ಸವೆಯುತ್ತೆ' ಎಂದು ಕಾದವರ ಹಲ್ಲು ವಾರಗಟ್ಟಲೆ ಜುಮ್ಮೆನ್ನುತ್ತದೆ.

5. ಊಟ. ಅಮಾಲ್ಗಮ್ ಆದರೆ 24 ಗಂಟೆ ಆ ಬದಿಯಲ್ಲಿ ಗಟ್ಟಿ ಪದಾರ್ಥ ಬೇಡ. ಕಾಂಪೋಸಿಟ್ ಬೆಳಕು ಬಿದ್ದಾಗಲೇ ಗಟ್ಟಿಯಾಗಿರುತ್ತದೆ, ಮರಗಟ್ಟಿದ್ದು ಇಳಿಯುವ ತನಕ ಕಾಯಬೇಕಾದದ್ದು ಕೆನ್ನೆ ಕಚ್ಚಿಕೊಳ್ಳದಿರಲು ಅಷ್ಟೇ.