ಕನಸನ್ನು ಹೇಳಿಸದೆ ಆಡಿಸಿದಾಗ

ಗುಂಪು ಚಿಕಿತ್ಸೆಯಲ್ಲಿ ಯಾರಾದರೂ ಕಾಡುವ ಕನಸೊಂದನ್ನು ಪ್ರಸ್ತಾಪಿಸಿದರೆ, ಮೊದಮೊದಲು ನಾನು ಅದನ್ನು ಪೂರ್ತಿ ಹೇಳಿಸಿ ಆಮೇಲೆ ಅಭಿನಯಕ್ಕೆ ತೊಡಗಿಸುತ್ತಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ಕೇಳುಗರು ಅರ್ಥ ಹುಡುಕತೊಡಗುತ್ತಿದ್ದರು. ಕನಸು ಕಂಡವರೂ ಅದನ್ನು ಬೇರೆಯವರ ಕಥೆಯಂತೆ ವಿವರಿಸುತ್ತಿದ್ದರು. ಮನಸ್ಸಿನಲ್ಲಿರುವುದನ್ನು ಅಭಿನಯದ ಮೂಲಕ ಹೊರತರುವ ಚಿಕಿತ್ಸೆಯಾದ ಸೈಕೋಡ್ರಾಮಾದ ಜನಕ ಜೇಕಬ್ ಮೊರೆನೊ (1889–1974) ಕನಸನ್ನು ವಿವರಿಸುವ ಬದಲು ಆಡಿ ತೋರಿಸುವ ಕ್ರಮವನ್ನು ಏಕೆ ರೂಢಿಸಿದರೆಂಬುದು ಆಗ ನನಗೆ ಮನದಟ್ಟಾಯಿತು.

ಈಗ ನಾನು ಹಾಸಿಗೆಯಿಂದಲೇ ಆರಂಭಿಸುತ್ತೇನೆ. ಒಬ್ಬ ಮಹಿಳೆಯ ಪ್ರಸಂಗ ಹೇಳುವೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಎರಡು ಕುರ್ಚಿಗಳನ್ನು ಜೋಡಿಸಿ ಮಂಚ ಮಾಡಿಕೊಂಡ ಅವರು, ಕಿಟಕಿ ಯಾವ ಕಡೆಗಿದೆ, ದೀಪ ಆರಿಸಿದವರು ಯಾರು, ಮಲಗುವ ಮುನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನೆಲ್ಲ ಮೆಲ್ಲನೆ ಹೇಳುತ್ತ ಕಣ್ಣು ಮುಚ್ಚಿದರು. ಈ ಸಿದ್ಧತೆಗೆ ಹತ್ತು ನಿಮಿಷ ಹಿಡಿದರೂ ನಾನು ಅವಸರಿಸುವುದಿಲ್ಲ, ಏಕೆಂದರೆ ಕನಸಿನ ಬಾಗಿಲು ತೆರೆಯುವುದು ಅಲ್ಲಿಯೇ. ಎದ್ದು ನಿಂತವರು ಉದ್ದನೆಯ ಓಣಿಯೊಂದರಲ್ಲಿ ಒದ್ದೆ ಚೀಲ ಹೊತ್ತು ನಡೆಯತೊಡಗಿದರು. ಚೀಲದ ಪಾತ್ರಕ್ಕೆ ಗುಂಪಿನಿಂದ ಒಬ್ಬರನ್ನು ಅವರೇ ಆರಿಸಿಕೊಂಡಿದ್ದರು.

ನಡಿಗೆ ನಿಂತುಹೋದ ಕ್ಷಣದಲ್ಲಿ ಪಾತ್ರ ಅದಲುಬದಲು ಮಾಡಿಸಿದೆ. ಚೀಲವಾಗಿ ನೆಲದ ಮೇಲೆ ಮುದುಡಿ ಕುಳಿತ ಅವರು ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ, "ನನ್ನನ್ನು ಹೊರು ಅಂತ ನಾನು ಕೇಳಿರಲಿಲ್ಲ" ಎಂದರು. ಆ ಧ್ವನಿ ಅವರ ಎಂದಿನ ಧ್ವನಿಯಾಗಿರಲಿಲ್ಲ. ಚೀಲವೆಂದರೆ ಇಂಥದ್ದೇ ಎಂದು ಹೇಳುವ ಆಸೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ಅರ್ಥ ಅವರದಾಗಿರಬೇಕೇ ಹೊರತು ನನ್ನದಲ್ಲ. ಬಳಿಕ ಅವರನ್ನು ಮತ್ತೆ ಮಂಚಕ್ಕೆ ಕರೆದೊಯ್ದು, ಎಚ್ಚರಗೊಳಿಸಿ, ಅದೇ ಕನಸನ್ನು ತಮಗೆ ಬೇಕಾದಂತೆ ಮುಂದುವರಿಸಲು ಹೇಳಿದೆ. ಅವರು ಚೀಲವನ್ನು ಎಸೆಯಲಿಲ್ಲ. ಕೆಳಗಿಟ್ಟು, ಪಕ್ಕದಲ್ಲಿ ಕುಳಿತು, ಅದರ ಬಾಯಿ ಬಿಚ್ಚಿ ಒಳಗೆ ನೋಡಿದರು.

ಕೊನೆಗೆ ಗುಂಪಿನಲ್ಲಿ ನಡೆಯುವ ಅನುಭವ ಹಂಚಿಕೆಯಲ್ಲಿ ವಿಶ್ಲೇಷಣೆಗೆ, ಸಲಹೆಗೆ ಅವಕಾಶವಿಲ್ಲ. ಪ್ರತಿಯೊಬ್ಬರೂ ತಮ್ಮ ಬದುಕಿನಲ್ಲಿ ಏನು ಮಿಡಿಯಿತೆಂಬುದನ್ನಷ್ಟೇ ಹೇಳುತ್ತಾರೆ. ಅದಕ್ಕೂ ಮುನ್ನ, ಚೀಲದ ಪಾತ್ರಕ್ಕೆ ಆರಿಸಲ್ಪಟ್ಟಿದ್ದ ಸದಸ್ಯರು ಭುಜ ಕೊಡವಿಕೊಂಡು, ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿ, "ನಾನು ಚೀಲವಲ್ಲ" ಎಂದು ಆ ಪಾತ್ರದಿಂದ ಹೊರಬಂದರು. ಹಿಂದೊಮ್ಮೆ ಸಮಯ ಮೀರಿತೆಂದು ಇದನ್ನು ಕೈಬಿಟ್ಟಾಗ, ಪಾತ್ರ ವಹಿಸಿದ್ದವರೊಬ್ಬರು ಆ ಭಾರವನ್ನು ವಾರವಿಡೀ ಹೊತ್ತು ತಿರುಗಿದ್ದರು. ಅಂದಿನಿಂದ ಹಂಚಿಕೆಗೂ ಪಾತ್ರ ಕಳಚುವುದಕ್ಕೂ ಸಮಯ ತೆಗೆದಿಟ್ಟೇ ಕನಸಿಗೆ ಕೈಹಾಕುತ್ತೇನೆ.